ಕಾಯಿ ಕೇಳುವ ಕಿವಿ

ಪರದೆಯ ಮೇಲೆ ಸಣ್ಣ ಚುಕ್ಕಿಗಳು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇದ್ದವು. ಕೆಳಗೆ ಒಂದು ಸಾಲು ಇಂಗ್ಲಿಷ್. ಬೀರಲಿಂಗಯ್ಯನಿಗೆ ಇಂಗ್ಲಿಷ್ ಬಾರದು. ಆದರೆ ಮಧ್ಯಾಹ್ನ ಎರಡು ಗಂಟೆಯಿಂದ ಆ ಸಾಲನ್ನು ನೋಡಿ ನೋಡಿ, ಅದು ಒಳ್ಳೆಯ ಮಾತಲ್ಲ ಎನ್ನುವುದು ಅವನಿಗೆ ತಿಳಿದುಹೋಗಿತ್ತು.

ಅದು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿರುವ ಕಿವಿ ಮಿಷನ್ನಿನ ಅಂಗಡಿ. ನಡೆಸುವವಳು ಅನುಪಮಾ. ನಲವತ್ತರ ಹೆಂಗಸು, ಕೈ ನಿಧಾನ, ಮಾತು ಚುರುಕು. ಅವಳು ಮೇಜಿನ ಮುಂದೆ ಕೂತು ಕಂಪ್ಯೂಟರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಮೇಜಿನ ಮೇಲೆ ಬೀರಲಿಂಗಯ್ಯನ ಕಿವಿ ಮಿಷನ್ನು, ಅದರಿಂದ ಒಂದು ತೆಳ್ಳನೆಯ ವೈರು, ವೈರಿನ ಕೊನೆಗೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಆ ಡಬ್ಬಿಯ ದೀಪ ಹಸಿರಾದರೆ ಎಲ್ಲವೂ ಸರಿಹೋದಂತೆ. ಅದು ಮಾತ್ರ ಕೆಂಪಗೇ ಉರಿಯುತ್ತಿತ್ತು.

ಬಿಳಿಗೆರೆಯ ಬೀರಲಿಂಗಯ್ಯನನ್ನು ಅರಿಯದ ತೋಟದವರು ಮೂರು ತಾಲ್ಲೂಕಿನಲ್ಲಿ ಕಡಿಮೆ. ಈ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಅಲುಗಿಸಿದರೆ ಗಡಗಡ ಅನ್ನಬೇಕು. ಆತುರಪಟ್ಟು ಅಟ್ಟ ಇಳಿಸಿದರೆ ಒಳಗೆ ಹಸಿ, ನಾಲ್ಕು ದಿನದಲ್ಲಿ ಬೂಷ್ಟು, ವರ್ಷದ ಫಸಲು ಹಾಳು. ಅದಕ್ಕೇ ದೊಡ್ಡ ಅಟ್ಟದವರು ಬೀರಲಿಂಗಯ್ಯನನ್ನು ಕರೆಸುತ್ತಿದ್ದರು. ಅವನು ಏಣಿ ಹತ್ತಿ, ಅಲ್ಲೊಂದು ಇಲ್ಲೊಂದು ಕಾಯಿ ಎತ್ತಿ, ಕಿವಿಯ ಹತ್ತಿರ ಅಲುಗಿಸಿ, 'ಇಳ್ಸಿ' ಅಂದರೆ ಇಳಿಸುವುದು, 'ಇನ್ನೊಂದ್ ತಿಂಗ್ಳು ಬುಡಿ' ಅಂದರೆ ಬಿಡುವುದು. ಅವನು ಮೇಲೆ ಅಲುಗಿಸುತ್ತಿದ್ದರೆ, ಅವನ ಹೆಂಡತಿ ಭೂತಮ್ಮ ಕೆಳಗೆ ಹೆಂಗಸರ ಜೊತೆ ಮಚ್ಚು ಹಿಡಿದು ಕೂತು ಒಡೆಯುತ್ತಿದ್ದಳು. ನಲವತ್ತು ವರ್ಷ ಹೀಗೇ ನಡೆದಿತ್ತು.

ಗಡಗಡ ಅನ್ನುವುದು ದಪ್ಪ ಸದ್ದು, ಅದು ಯಾರಿಗಾದರೂ ಕೇಳುತ್ತದೆ. ಅದರ ಅಡಿಯಲ್ಲಿ ಅಡಗಿಕೊಂಡಿರುವ ಒಂದು ಚಮಚ ನೀರಿನ ಸಣ್ಣ ಸದ್ದು ಎಲ್ಲರಿಗೂ ದಕ್ಕುವಂಥದ್ದಲ್ಲ. ಬೀರಲಿಂಗಯ್ಯ ಅನ್ನ ತಿಂದದ್ದು ಆ ಸಣ್ಣ ಸದ್ದಿನಿಂದ. ಅರವತ್ತು ದಾಟಿದ ವರ್ಷ ಮೊದಲು ಕೈಕೊಟ್ಟದ್ದೂ ಅದೇ.

ಆಗ ಅವನು ಯಾರಿಗೂ ಹೇಳದೆ ಈ ಅಂಗಡಿಗೆ ಬಂದಿದ್ದ. ಕಿವಿ ಮಿಷನ್ನುಗಳನ್ನು ಹದ ಮಾಡುವುದು ಮನುಷ್ಯರ ಮಾತಿಗೆ. ಅನುಪಮಾ ಹಾಗೇ ಮಾಡಿಕೊಟ್ಟಾಗ ಅವನು ತಲೆಯಾಡಿಸಿದ್ದ. "ಮನುಸ್ರ ಮಾತು ಕೇಳ್ದಿದ್ರೂ ನಡೀತದೆ ಕಣವ್ವ. ನಂಗೆ ಕಾಯಿ ಮಾತು ಕೇಳ್ಬೇಕು" ಅಂದಿದ್ದ. ಅವಳು ಮೊದಲು ನಕ್ಕಳು. ಆಮೇಲೆ ಅವಳಿಗೇ ಹಟ ಹಿಡಿಯಿತು. ಎಂಟು ವಾರ, ಪ್ರತಿ ಸೋಮವಾರ, ಬೀರಲಿಂಗಯ್ಯ ಚೀಲದಲ್ಲಿ ಅಟ್ಟದ ಕಾಯಿ ಹೊತ್ತು ತಂದ. ಒಂದೊಂದನ್ನೂ ಅಲುಗಿಸಿ, ಕೇಳಿ, ಒಡೆದು, ಮತ್ತೆ ತಿದ್ದಿ, ಕೊನೆಗೆ ಮಿಷನ್ನಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಆ ಒಂದು ಚಮಚ ನೀರು ಕೇಳುವ ಹಾಗೆ ಮಾಡಿದ್ದಳು. ಅಲ್ಲಿಂದಾಚೆ ಅವನು ತಲೆಗೆ ಟವೆಲ್ಲು ಸುತ್ತದೆ ಮನೆ ಬಿಟ್ಟವನಲ್ಲ. ಟವೆಲ್ಲಿನ ಕೆಳಗೇನಿದೆ ಎಂಬುದು ಗೊತ್ತಿದ್ದದ್ದು ಅನುಪಮಾಗೆ ಮತ್ತು ಭೂತಮ್ಮನಿಗೆ.

ಕಳೆದ ತಿಂಗಳು ದಂಡಿನಶಿವರದ ಮಲ್ಲಿಕಾರ್ಜುನಯ್ಯನ ಅಟ್ಟದಲ್ಲಿ, ಬೆವರು ಇಳಿದೋ ಏನೋ, ಮಿಷನ್ನು ಸತ್ತುಹೋಯಿತು. 'ಇವತ್ತು ಕಿವಿ ಸರಿಯಿಲ್ಲ' ಎಂದು ಇಳಿದು ಬಂದಿದ್ದರೆ ಮುಗಿಯುತ್ತಿತ್ತು. ಮಾನ ಅಡ್ಡ ಬಂತು. ದಪ್ಪ ಸದ್ದೊಂದನ್ನೇ ನಂಬಿ 'ಇಳ್ಸಿ' ಅಂದುಬಿಟ್ಟ. ಅರ್ಧಕ್ಕರ್ಧ ಕಾಯಿ ಹಸಿ. ಮಲ್ಲಿಕಾರ್ಜುನಯ್ಯ ಕೂಗಾಡಲಿಲ್ಲ, ವಯಸ್ಸಾಯ್ತು ಬುಡು ಬೀರಣ್ಣ ಅಂದ, ಅಷ್ಟೇ. ಕೂಗಾಡಿದ್ದರೆ ವಾಸಿಯಿತ್ತು ಎಂದು ಬೀರಲಿಂಗಯ್ಯನಿಗೆ ಇವತ್ತಿಗೂ ಅನಿಸುತ್ತದೆ.

ರಿಪೇರಿಗೆ ಹೋದ ಮಿಷನ್ನು ವಾಪಸ್ಸು ಬಂದದ್ದು ಈಗ ಹುಟ್ಟಿದ ಕೂಸಿನ ಹಾಗೆ, ಹಿಂದಿನದೊಂದೂ ನೆನಪಿಲ್ಲದೆ. ಇತ್ತ ಹಂದನಕೆರೆಯ ದೊಡ್ಡಣ್ಣನಿಂದ ಕರೆ ಬಂದಿತ್ತು: ನಾಳೆ ಬೆಳಗ್ಗೆ ಎಂಟಕ್ಕೆ ಅಟ್ಟ ನೋಡಬೇಕು, ಮಲ್ಲಿಕಾರ್ಜುನಯ್ಯನೂ ಬರುತ್ತಾನೆ. ಮಲ್ಲಿಕಾರ್ಜುನಯ್ಯನಿಗೆ ಹಂದನಕೆರೆಯಲ್ಲಿ ಏನು ಕೆಲಸ? ಅದು ಕರೆಯಲ್ಲ, ಪರೀಕ್ಷೆ. ನಾಳೆ ತಪ್ಪಿದರೆ ಬೀರಲಿಂಗಯ್ಯನನ್ನು ಇನ್ನು ಯಾರೂ ಏಣಿ ಹತ್ತಿಸುವುದಿಲ್ಲ.

ಎಂಟು ವಾರ ಕೂತು ಮಾಡಿದ ಆ ಹದ ಅನುಪಮಾಳ ಹಳೆಯ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಆದರೆ ಆ ಕಂಪ್ಯೂಟರ್ ದಿನಾ ಬೆಳಗ್ಗೆ, ನನ್ನ ಆಯಸ್ಸು ಮುಗಿಯಿತು, ಹೊಸ ಸಿಸ್ಟಮ್ ಹಾಕಿಸು ಎಂದು ಪರದೆ ತುಂಬ ಬರೆಯುತ್ತಿತ್ತು. ಒಂದೊಂದಾಗಿ ವೆಬ್‌ಸೈಟುಗಳು ತೆರೆಯುವುದನ್ನು ನಿಲ್ಲಿಸಿದವು. ಬೇಸತ್ತು ಹತ್ತು ದಿನದ ಹಿಂದೆ ಹಳೆಯದನ್ನು ಕಂಪ್ಯೂಟರ್ ಅಂಗಡಿಯವನಿಗೇ ಕೊಟ್ಟು ಹೊಸದು ತಂದಿದ್ದಳು. ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ಮಾತ್ರ ಬಿಚ್ಚಿಸಿ ಬೀರುವಿನಲ್ಲಿಟ್ಟುಕೊಂಡಿದ್ದಳು.

ಹೊಸದು ಬಂದ ಗಳಿಗೆಯಿಂದ ಅದರದೇ ದರ್ಬಾರು. ಮೊದಲು ನಿನ್ನ ಹೆಸರೇನು, ಮೇಲ್ ಯಾವುದು, ಫೋನ್ ನಂಬರ್ ಕೊಡು ಎಂದು ಕೇಳಿತು. ಅವಳ ಅಂಗಡಿಯಲ್ಲಿ ಅವಳೇ ಅದಕ್ಕೆ ಗುರುತು ತೋರಿಸಬೇಕಾಯಿತು. ಇವತ್ತು ಕಿವಿ ಮಿಷನ್ನಿನ ಹಳೇ ಪ್ರೋಗ್ರಾಮನ್ನು ಹಾಕಹೋದರೆ, ಇದು ನನಗೆ ಹೊಂದುವುದಿಲ್ಲ ಅಂತು. ಡಬ್ಬಿ ಚುಚ್ಚಿದರೆ, ಇದನ್ನು ನಾನು ನಂಬುವುದಿಲ್ಲ ಅಂತು. ನಂಬಿಸುವ ದಾರಿ ಹುಡುಕುತ್ತಿರುವಾಗಲೇ ಕೇಳದೆ ಹೇಳದೆ ಅಪ್‌ಡೇಟಿಗೆ ಕೂತುಬಿಟ್ಟಿತು. ಕಂಪನಿಗೆ ಫೋನು ಮಾಡಿದರೆ, ಆ ಮಾಡೆಲ್ ಈಗ ಇಲ್ಲ ಮೇಡಂ, ಹೊಸ ಕಿವಿ ಮಿಷನ್ನೇ ತಗೊಳ್ಳಿ, ಎರಡು ವಾರದಲ್ಲಿ ಬರುತ್ತದೆ ಎಂಬ ಉತ್ತರ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ನಾಲ್ಕೂವರೆಗೆ ಚುಕ್ಕಿಗಳು ನಿಂತವು. ಪರದೆ ಝಗ್ಗೆಂದು ಬೆಳಗಿ, ಏನೋ ಹೊಸ ಸೌಕರ್ಯಗಳನ್ನು ಬಣ್ಣ ಬಣ್ಣವಾಗಿ ತೋರಿಸಿತು. ಡಬ್ಬಿಯ ದೀಪ ಕೆಂಪಗೇ ಇತ್ತು. ಅನುಪಮಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಆಮೇಲೆ, ಇಷ್ಟವಿಲ್ಲದ ಔಷಧಿ ಕುಡಿಯುವವಳ ಮುಖ ಮಾಡಿಕೊಂಡು, ಗಂಡನಿಗೆ ಫೋನು ಮಾಡಿದಳು.

ಅವಳ ಗಂಡ ಕಾಂತೇಶ್ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವನು. ಹದಿನೈದು ವರ್ಷದಿಂದ ಅವನ ಬಾಯಲ್ಲಿ ಒಂದೇ ಭಜನೆ: ನಿನ್ನ ಕಂಪ್ಯೂಟರಿಗೆ ಲಿನಕ್ಸ್ ಅನ್ನುವ ಸಿಸ್ಟಮ್ ಹಾಕಿಕೋ, ಅದು ಬಿಟ್ಟಿ, ಅದು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ಹಳೇ ಸಾಮಾನನ್ನೂ ಎಸೆಯುವುದಿಲ್ಲ. ಬಿಟ್ಟಿ ಸಿಗುವುದಕ್ಕೆ ಬೆಲೆಯಿಲ್ಲ ಎಂದು ಅವಳು ಹದಿನೈದು ವರ್ಷ ನಕ್ಕಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಮ್ಮನೆ ಮಾಡಿಲ್ಲ. ಕಾಂತೇಶ್ ಅರ್ಧ ಗಂಟೆಯಲ್ಲಿ ಲಿನಕ್ಸ್ ಹಾಕಿದ ಒಂದು ಹಳೇ ಲ್ಯಾಪ್‌ಟಾಪ್ ಕಂಕುಳಲ್ಲಿ ಇರುಕಿಕೊಂಡು ಬಂದ. ಹೇಳಿದ್ನಲ್ಲ ಅನ್ನುವ ಮಾತು ತುಟಿಯವರೆಗೂ ಬಂದಿತ್ತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ.

ಲ್ಯಾಪ್‌ಟಾಪ್ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಕಣ್ಣು ಬಿಟ್ಟಿತು. ಕಾಂತೇಶ್ ಹಳೇ ಪ್ರೋಗ್ರಾಮಿನ ಸಿ.ಡಿ. ಹಾಕಿದ. ಕರಿ ಪರದೆಯ ಮೇಲೆ ಏನೇನೋ ಟೈಪು ಮಾಡಿದ, ಎರಡು ಸಲ ತಪ್ಪಾಯಿತು, ಮೂರನೇ ಸಲ ಕೂತಿತು. ಡಬ್ಬಿ ಚುಚ್ಚಿದ. ದೀಪ ಒಂದು ಸಲ ಮಿಣುಕಿ ಹಸಿರಾಯಿತು. ಬೀರಲಿಂಗಯ್ಯ ತನಗೆ ತಿಳಿಯದೆಯೇ ಎದ್ದು ನಿಂತಿದ್ದ.

ಇನ್ನು ಉಳಿದದ್ದು ಹಳೇ ಡಿಸ್ಕಿನಿಂದ ಆ ಹದವನ್ನು ತೆಗೆಯುವುದು. ಬೀರುವಿನಿಂದ ಅದನ್ನು ತೆಗೆದು, ಒಂದು ಪೆಟ್ಟಿಗೆಗೆ ಹಾಕಿ, ಲ್ಯಾಪ್‌ಟಾಪಿಗೆ ಜೋಡಿಸಿದರು. ಒಳಗೆ ತಿರುಗುತ್ತಿದೆ, ಆದರೆ ಹಳೆಯದು, ಜೀವ ಇದೆಯೋ ಇಲ್ಲವೋ ತೆರೆದುಕೊಂಡ ಮೇಲೇ ಗೊತ್ತಾಗಬೇಕು ಎಂದ ಕಾಂತೇಶ್. ಅಷ್ಟರಲ್ಲಿ ಬಾಗಿಲಿಗೆ ಯಾರೋ ಬಂದರು ಎಂದು ಅನುಪಮಾ ಎದ್ದಳು. ಕಾಂತೇಶ್ ಇನ್ನೊಂದು ವೈರು ಹುಡುಕಲು ಬೀರುವಿನ ಕಡೆ ತಿರುಗಿದ.

ಮೇಜಿನ ಮೇಲೆ ಅಂಗೈಯಗಲದ ಆ ಕರಿ ಪೆಟ್ಟಿಗೆ ಒಂದೇ ಕೂತಿತ್ತು. ಅದರೊಳಗೆ ಬೀರಲಿಂಗಯ್ಯನ ಎಂಟು ವಾರ, ಅವನ ನಲವತ್ತು ವರ್ಷ. ಜೀವ ಇದೆಯೋ ಇಲ್ಲವೋ ಅಂದಿದ್ದರು. ಒಳಗೇನಿದೆಯೆಂದು ನೋಡುವುದಕ್ಕೆ ಬೀರಲಿಂಗಯ್ಯನ ಕೈಗೆ ಗೊತ್ತಿದ್ದದ್ದು ಒಂದೇ ದಾರಿ. ಅವನು ಯೋಚನೆ ಮಾಡಲಿಲ್ಲ. ಎತ್ತಿ, ಕಿವಿಯ ಹತ್ತಿರ ಹಿಡಿದು, ಮೂರು ಸಲ ಜೋರಾಗಿ ಅಲುಗಿಸಿದ.

ಅನುಪಮಾ ಬಾಗಿಲಿನಿಂದ ನೋಡಿದಳು. ಅವಳು ಓಡಿ ಬಂದು ಕಿತ್ತುಕೊಳ್ಳುವ ಹೊತ್ತಿಗೆ ಪೆಟ್ಟಿಗೆ ಟಿಕ್ ಟಿಕ್ ಟಿಕ್ ಎಂದು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೂ ನಿಂತಿತು. ಕಾಂತೇಶ್ ತೆಗೆದು ಮೆಲ್ಲಗೆ ವಾಲಿಸಿದ. ಒಳಗೆ ಏನೋ ಕಳಚಿಕೊಂಡು ಕಟಕಟ ಅಂತು. ತಿರುಗುವಾಗ ಅಲುಗಿಸಬಾರದಿತ್ತು, ಇನ್ನು ಇದರಿಂದ ಏನೂ ಬರುವುದಿಲ್ಲ ಎಂದು ಅವನು ಹೇಳಿದ್ದು ಬಹಳ ಸಣ್ಣ ದನಿಯಲ್ಲಿ.

"ಅದೇನು ಕಾಯೇನ್ರೀ?" ಅಂದಳು ಅನುಪಮಾ.

"ಕೈಗೆ ಗೊತ್ತಾಗ್ಲಿಲ್ಲ ಕಣವ್ವ" ಅಂದ ಬೀರಲಿಂಗಯ್ಯ.

ಅವನು ಕುರ್ಚಿಯ ಮೇಲೆ ಕುಸಿದ. ಅಟ್ಟದಲ್ಲಿ ಗಡಗಡ ಎಂದರೆ ಕಾಯಿ ಪಕ್ವವಾಯಿತು ಎಂದು. ಇಲ್ಲಿ ಕಟಕಟ ಎಂದರೆ ಸತ್ತಿತು ಎಂದು. ತನ್ನ ಕೈಯನ್ನೇ ಕತ್ತರಿಸಿ ಬಿಸಾಡಬೇಕು ಅನ್ನಿಸಿತು ಅವನಿಗೆ. ಕೊನೆಗೆ ಅನುಪಮಾ ಕಣ್ಣೊರೆಸಿಕೊಂಡು, ಹಸಿರು ದೀಪವಂತೂ ಉರಿಯುತ್ತಿದೆ, ಹಳೆಯ ಹದ ಹೋದರೆ ಹೊಸದಾಗಿ ಹದ ಮಾಡೋಣ, ಎಂಟು ವಾರದ್ದನ್ನು ಇವತ್ತು ಸಂಜೆಯೇ ಮಾಡೋಣ, ಕಾಯಿ ತರಿಸಿ ಅಂದಳು.

ಆರು ಗಂಟೆಗೆ ಭೂತಮ್ಮ ಬಿಳಿಗೆರೆಯಿಂದ ಆಟೋದಲ್ಲಿ ಬಂದಳು. ಚೀಲದಲ್ಲಿ ಮನೆಯ ಅಟ್ಟದಿಂದ ಆರಿಸಿಕೊಂಡ ಹತ್ತು ಕಾಯಿ. ತಂದವಳು ಸುಮ್ಮನೆ ಕೂರಲಿಲ್ಲ. ಒಂದೊಂದನ್ನೂ ಎತ್ತಿ, ಹೀಗೆ ಒಂದು ಸಲ ಅಲುಗಿಸಿ, ನೆಲದ ಮೇಲೆ ಎರಡು ಸಾಲು ಮಾಡಿದಳು. ಈ ಕಡೆಯವು ಆಗಿವೆ, ಆ ಕಡೆಯವು ಆಗಿಲ್ಲ ಎಂದಳು.

ನಿಂಗೇನ್ ಗೊತ್ತು ಎಂದು ಬೀರಲಿಂಗಯ್ಯ ಗದರಿದ.

"ನಲವತ್ ವರ್ಷ ಒಡ್ದಿವ್ನಿ ಕಣ್ರೀ" ಅಂದಳು ಭೂತಮ್ಮ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. "ಒಡೆಯಕ್ ಮುಂಚೆ ಸದ್ದು ಕೇಳ್ತದೆ, ಒಡೆದ್ ಮ್ಯಾಲೆ ಒಳಗ್ ಕಾಣ್ತದೆ. ಗೊತ್ತಾಗ್ದೆ ಏನು?"

ಅವನಿಗೆ ಮೊದಲು ಬಂದದ್ದು ಕೋಪ. ಕೋಪವನ್ನು ತೋರಿಸುವುದಕ್ಕೆ ಅಲ್ಲಿ ಪುರುಸೊತ್ತಿರಲಿಲ್ಲ. ಅನುಪಮಾ ಒಂದು ಬಟ್ಟೆಯ ಪರದೆ ಕಟ್ಟಿಸಿದಳು. ಅದರ ಹಿಂದೆ ಭೂತಮ್ಮ ಕಾಯಿ ಅಲುಗಿಸುವುದು, ಮುಂದೆ ಬೀರಲಿಂಗಯ್ಯ ನೀರಿದೆಯೋ ಇಲ್ಲವೋ ಹೇಳುವುದು, ಭೂತಮ್ಮ ಮಾಡಿದ ಸಾಲಿಗೆ ಅದು ತಾಳೆ ಬೀಳದಿದ್ದರೆ ಅನುಪಮಾ ಲ್ಯಾಪ್‌ಟಾಪಿನಲ್ಲಿ ಒಂದು ಗೆರೆಯನ್ನು ಮೇಲಕ್ಕೋ ಕೆಳಕ್ಕೋ ಜಗ್ಗುವುದು. ಸಣ್ಣ ಸದ್ದು ಏರಿಸಿದರೆ ಮಿಷನ್ನು ಶಿಳ್ಳೆ ಹೊಡೆಯುತ್ತಿತ್ತು, ಇಳಿಸಿದರೆ ನೀರು ಮಾಯವಾಗುತ್ತಿತ್ತು. ಮೊದಲ ಸುತ್ತಿನಲ್ಲಿ ಹತ್ತರಲ್ಲಿ ನಾಲ್ಕು ಸರಿ. ಅದಕ್ಕಿಂತ ಕಣ್ಣು ಮುಚ್ಚಿ ಹೇಳಿದ್ದರೆ ಹೆಚ್ಚು ಸಿಗುತ್ತಿತ್ತು. ಮೂರನೇ ಸುತ್ತಿಗೆ ಆರು. ಎಂಟು ಗಂಟೆಯ ಹೊತ್ತಿಗೆ ಏಳಕ್ಕೆ ಬಂತು, ಮತ್ತೆ ಎಷ್ಟು ಜಗ್ಗಿದರೂ ಏಳನ್ನು ಬಿಟ್ಟು ಕದಲಲಿಲ್ಲ. ಕೊನೆಗೆ ಹತ್ತನ್ನೂ ಒಡೆದು ನೋಡಿದರು. ಭೂತಮ್ಮ ಮಾಡಿದ್ದ ಎರಡು ಸಾಲಿನಲ್ಲಿ ಒಂದು ಕಾಯಿಯೂ ತಪ್ಪಿರಲಿಲ್ಲ.

ನನ್ನ ಕೈಲಿ ಇವತ್ತಿಗೆ ಇಷ್ಟೇ ಎಂದು ಅನುಪಮಾ ಕೈ ಮುಗಿದಳು.

ಊರಿಗೆ ಹೋಗುವ ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತಿದ್ದರು. ಊರು ಹತ್ತಿರ ಬಂದಾಗ ಬೀರಲಿಂಗಯ್ಯ, ಅವತ್ತು ದಂಡಿನಶಿವರದಲ್ಲೂ ನಿಂಗೆ ಗೊತ್ತಾಗಿತ್ತಾ ಎಂದು ಕೇಳಿದ. ಅವಳು ಕಿಟಕಿಯ ಕಡೆ ನೋಡುತ್ತಲೇ, ಮೊದಲನೇ ಕಾಯಿ ಕೈಗೆ ಬಂದಾಗಲೇ ಗೊತ್ತಾಯಿತು ಅಂದಳು.

"ಮತ್ಯಾಕ್ ಹೇಳ್ನಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ?"

ಮಲ್ಲಿಕಾರ್ಜುನಯ್ಯ ಕೊಟ್ಟ ಏಟಿಗಿಂತ ಈ ಏಟು ದೊಡ್ಡದಾಗಿತ್ತು.

ಬೆಳಗ್ಗೆ ಎಂಟಕ್ಕೆ ಸರಿಯಾಗಿ ಹಂದನಕೆರೆಯ ದೊಡ್ಡಣ್ಣನ ಮನೆ. ದೊಡ್ಡಣ್ಣ ಎತ್ತರದ ಆಳು, ಅಳೆದು ತೂಗಿ ಮಾತಾಡುವವನು. ಕಾಫಿ ಕೊಡಿಸಿದ, ಬಿಸಿಲಿನ ಮಾತಾಡಿದ, ಪರೀಕ್ಷೆಯ ಮಾತು ಎತ್ತಲಿಲ್ಲ. ಮಲ್ಲಿಕಾರ್ಜುನಯ್ಯ ಜಗುಲಿಯ ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಭೂತಮ್ಮ ಎಂದಿನ ಹಾಗೆ ಅಟ್ಟದ ಏಣಿಯ ಕೆಳಗೆ, ಕಾಯಿ ಒಡೆಯುವ ಹೆಂಗಸರ ಸಾಲಿನಲ್ಲಿ, ಗೋಣಿ ಹಾಸಿಕೊಂಡು ಮಚ್ಚು ಪಕ್ಕಕ್ಕಿಟ್ಟು ಕೂತಳು. ಬೀರಲಿಂಗಯ್ಯ ಟವೆಲ್ಲು ಸರಿಮಾಡಿಕೊಳ್ಳುವ ನೆವದಲ್ಲಿ ಗುಂಡಿಯನ್ನು ಎರಡು ಸಲ ಒತ್ತಿ ಏಣಿ ಹತ್ತಿದ. ಹಿಂದೆಯೇ ಮಿಕ್ಕವರಿಬ್ಬರೂ ಹತ್ತಿದರು.

ಅಟ್ಟದ ತುಂಬ ಕಾಯಿ. ದೊಡ್ಡಣ್ಣ ತಾನೇ ಒಂದನ್ನು ಆರಿಸಿ ಕೊಟ್ಟ. ಬೀರಲಿಂಗಯ್ಯ ಅಲುಗಿಸಿದ. ಗಡಗಡ, ಅದರಡಿ ಏನಿಲ್ಲ. ಆಗೈತೆ ಅಂದ. ಕೆಳಕ್ಕೆ ಹಾಕಿದರು, ಭೂತಮ್ಮ ಸೀಳಿದಳು, ಒಣಗಿದ ಉಂಡೆ ಹೊರಗೆ ಬಂತು. ಎರಡನೆಯದಕ್ಕೆ ನೀರೈತೆ ಅಂದ. ಕೆಳಗೆ ನೀರು ಸಿಡಿಯಿತು. ಮಲ್ಲಿಕಾರ್ಜುನಯ್ಯ ಅಗಿಯುವುದನ್ನು ನಿಲ್ಲಿಸಿದ.

ಮೂರನೇ ಕಾಯಿ ಬಂತು. ಅಲುಗಿಸಿದ. ಗಡಗಡ ಅಂತು. ಅದರಡಿಯಲ್ಲಿ ಏನೋ ಇದೆ ಅನಿಸಿತು, ಮತ್ತೆ ಅಲುಗಿಸಿದರೆ ಇಲ್ಲ ಅನಿಸಿತು. ಮಿಷನ್ನು ಸಣ್ಣಗೆ ಶಿಳ್ಳೆ ಹೊಡೆಯತೊಡಗಿತು. ನಾಲ್ಕನೇ ಸಲ ಅಲುಗಿಸಿದಾಗ ದೊಡ್ಡಣ್ಣ ಮಲ್ಲಿಕಾರ್ಜುನಯ್ಯನ ಮುಖ ನೋಡಿದ್ದು ಬೀರಲಿಂಗಯ್ಯನಿಗೆ ಕಂಡಿತು. ಎರಡರಲ್ಲಿ ಒಂದು ಹೇಳಿಬಿಡಬಹುದಿತ್ತು. ಸರಿಯಾದರೆ ಹೆಸರು ಉಳಿಯುತ್ತಿತ್ತು. ಆಗೈತೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ದಂಡಿನಶಿವರದಲ್ಲೂ ಅದು ಹೀಗೇ ಬಂದಿತ್ತು ಎಂಬುದು ನೆನಪಾಯಿತು.

ಅವನು ಕಾಯಿ ಕೆಳಗಿಟ್ಟ. ಟವೆಲ್ಲು ಬಿಚ್ಚಿದ. ಕಿವಿಯಿಂದ ಮಿಷನ್ನು ತೆಗೆದು ಅಂಗೈ ಮೇಲಿಟ್ಟು ಚಾಚಿದ.

"ಆರು ವರ್ಷದಿಂದ ನನ್ ಕಿವಿ ಇದೇ ಕಣಪ್ಪ ದೊಡ್ಡಣ್ಣ. ಈಗ ಇದೂ ಹತ್ರಲ್ಲಿ ಏಳು ಹೇಳ್ತದೆ. ಮಿಕ್ಕಿದ್ ಮೂರು ನಂಗೆ ಗೊತ್ತಾಗಕಿಲ್ಲ. ಅವ್ಳಿಗೆ ಗೊತ್ತಾಯ್ತದೆ" ಅಂದ. ಮಿಷನ್ನನ್ನು ಜೇಬಿಗೆ ಇಳಿಬಿಟ್ಟು, ಏಣಿಯ ಕಡೆ ಬಗ್ಗಿ ಕೂಗಿದ. "ಮ್ಯಾಕ್ ಬಾರೇ."

ಕೆಳಗೆ ಕೂತಿದ್ದ ಹೆಂಗಸರು ತಲೆ ಎತ್ತಿದರು. ಭೂತಮ್ಮ ನಿಧಾನವಾಗಿ ಏಣಿ ಹತ್ತಿ ಬಂದಳು. ಆ ಅಟ್ಟಕ್ಕೆ ಕೆಲಸದ ಹೆಂಗಸೊಬ್ಬಳು ಹತ್ತಿದ್ದು ಅದೇ ಮೊದಲು. ಮೂರನೇ ಕಾಯಿ ಎತ್ತಿ ಒಂದೇ ಒಂದು ಸಲ ಅಲುಗಿಸಿ, ನೀರೈತೆ, ಇನ್ನು ಇಪ್ಪತ್ತು ದಿನ ಬೇಕು ಅಂದಳು.

ದೊಡ್ಡಣ್ಣ ಇಬ್ಬರನ್ನೂ ನೋಡಿದ. ಆಮೇಲೆ ಬಗ್ಗಿ ನಾಲ್ಕನೇ ಕಾಯಿ ಎತ್ತಿದ. ನಲವತ್ತು ವರ್ಷದ ಅಭ್ಯಾಸದಿಂದ ಬೀರಲಿಂಗಯ್ಯನ ಕೈ ತಾನಾಗಿ ಮುಂದೆ ಹೋಯಿತು. ದೊಡ್ಡಣ್ಣ ಕಾಯಿಯನ್ನು ಭೂತಮ್ಮನ ಕೈಗೆ ಕೊಟ್ಟ.

ಅವಮಾನವೋ ನೆಮ್ಮದಿಯೋ ಬೀರಲಿಂಗಯ್ಯನಿಗೆ ತಿಳಿಯಲಿಲ್ಲ, ಎರಡೂ ಇತ್ತು. ಚಾಚಿದ ಕೈಯಿಂದ ಆ ಮೂರನೇ ಕಾಯಿಯನ್ನು ಎತ್ತಿಕೊಂಡು ಏಣಿ ಇಳಿದ. ಭೂತಮ್ಮನ ಗೋಣಿಯ ಮೇಲೆ, ಹೆಂಗಸರ ಸಾಲಿನಲ್ಲಿ ಕೂತು, ಅವಳ ಮಚ್ಚನ್ನು ತೊಡೆಯ ಮೇಲಿಟ್ಟುಕೊಂಡ. ಸೀಳುವ ಮೊದಲು ಕಾಯಿಯನ್ನು ಬರಿಗಿವಿಯ ಹತ್ತಿರ ಹಿಡಿದು ಇನ್ನೊಂದು ಸಲ ಅಲುಗಿಸಿದ. ಗಡಗಡ ಬಿಟ್ಟು ಬೇರೇನೂ ಕೇಳಲಿಲ್ಲ. ಮಚ್ಚು ಎತ್ತಿ ಸೀಳಿದ. ಒಂದು ಚಮಚದಷ್ಟು ನೀರು ಅವನ ಅಂಗೈ ಮೇಲೆ ಬಿತ್ತು.